ಮೆದುಳಿನ ಗಡ್ಡೆಗೆ ಯಾವ ರಕ್ತಪರೀಕ್ಷೆ? ಲ್ಯಾಬ್ ಕೌಂಟರಿನಿಂದ ಒಂದು ಹೋಲಿಕೆ

ತಿಪಟೂರು ಕಡೆಯ ಅಕ್ಕ ಒಬ್ಬರು ಬಣ್ಣದ ಹಾಳೆಯೊಂದನ್ನು ಮಡಚಿ ಹಿಡಿದುಕೊಂಡು ನಮ್ಮ ಕೌಂಟರಿಗೆ ಬಂದರು. ಅವರ ಯಜಮಾನರಿಗೆ ಮೆದುಳಿನಲ್ಲಿ ಗಡ್ಡೆ. ಆಪರೇಷನ್ ಆಗಿ ಹನ್ನೆರಡು ದಿನ ಆಗಿತ್ತು. ಒಂದು ಟ್ಯೂಬ್ ರಕ್ತ ಕೊಟ್ಟರೆ ಕ್ಯಾನ್ಸರಿನ ಜಾತಕವೇ ಸಿಗುತ್ತದೆ ಅನ್ನುವ ಧಾಟಿಯಲ್ಲಿ ಹಾಳೆಯಲ್ಲಿ ಬರೆದಿತ್ತು. ಬೆಲೆ ಹತ್ತಾರು ಸಾವಿರ.

"ಅಣ್ಣಾ, ಇದು ಮಾಡಿಸಿದ್ರೆ ಎಷ್ಟು ದಿನ ಇರ್ತಾರೆ ಅಂತ ಗೊತ್ತಾಗುತ್ತಾ?"

ನಾನು ಡಾಕ್ಟರ್ ಅಲ್ಲ. ಜಯನಗರದ ಒಂದು ಲ್ಯಾಬಿನಲ್ಲಿ ರಕ್ತ ತೆಗೆದು, ಮೆಷಿನ್ನಿಗೆ ಹಾಕಿ, ರಿಪೋರ್ಟ್ ಕೊಡುವವನು. ನಿಮ್ಹಾನ್ಸ್, ಕಿದ್ವಾಯಿ ಎರಡೂ ಇಲ್ಲಿಂದ ಆಟೋದಲ್ಲಿ ಹತ್ತು ನಿಮಿಷ. ಟ್ರಾಫಿಕ್ ಇದ್ದರೆ ನಲವತ್ತು. ಹಾಗಾಗಿ ಈ ಪ್ರಶ್ನೆ ನಮ್ಮಲ್ಲಿಗೆ ಆಗಾಗ ಬರುತ್ತದೆ. ಚಿಕಿತ್ಸೆಯ ಮಾತು ಡಾಕ್ಟರಿಗೆ ಬಿಟ್ಟದ್ದು. ಆದರೆ ಯಾವ ಪರೀಕ್ಷೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ, ಯಾವುದಕ್ಕೆ ದುಡ್ಡು ಹಾಕಬಹುದು ಅನ್ನುವುದನ್ನು ಟ್ಯೂಬಿನ ಈ ಕಡೆ ನಿಂತು ಹೇಳಬಲ್ಲೆ.

ಮೊದಲು ತೂಕದ ಕಲ್ಲು

ಇಲ್ಲಿ ಹೇಳುತ್ತಿರುವುದು ಮುಖ್ಯವಾಗಿ ಗ್ಲಿಯೋಬ್ಲಾಸ್ಟೊಮಾ ಬಗ್ಗೆ. ದೊಡ್ಡವರ ಮೆದುಳಿನಲ್ಲೇ ಹುಟ್ಟುವ ಕೆಟ್ಟ ಗಡ್ಡೆಗಳಲ್ಲಿ ಜಾಸ್ತಿ ಕಾಣುವುದು ಇದೇ. ಗ್ರೇಡ್ ನಾಲ್ಕು, ಅಂದರೆ ಅತಿ ಉಗ್ರ.

2005ರಲ್ಲಿ ರೋಜರ್ ಸ್ಟುಪ್ ತಂಡ 573 ರೋಗಿಗಳ ಅಧ್ಯಯನ ಪ್ರಕಟಿಸಿತು. ಅದರಲ್ಲಿ ಕೆಲವರಿಗೆ ಬರೀ ರೇಡಿಯೇಷನ್ ಕೊಟ್ಟರು. ನಮ್ಮ ಜನ 'ಕರೆಂಟ್ ಕೊಡೋದು' ಅನ್ನುತ್ತಾರಲ್ಲ, ಅದು. ಅವರಲ್ಲಿ ಅರ್ಧದಷ್ಟು ಜನ 12.1 ತಿಂಗಳು ದಾಟಿದರು. ಕರೆಂಟ್ ಜೊತೆ ಟೆಮೊಜೊಲೊಮೈಡ್ ಅನ್ನುವ ಕೀಮೋ ಮಾತ್ರೆಯನ್ನೂ ನುಂಗಿದವರಲ್ಲಿ ಅರ್ಧದಷ್ಟು ಜನ 14.6 ತಿಂಗಳು ದಾಟಿದರು. ಎರಡು ವರ್ಷ ದಾಟಿದವರು ಮಾತ್ರೆಯ ಗುಂಪಿನಲ್ಲಿ 26.5%, ಇನ್ನೊಂದರಲ್ಲಿ 10.4%. ಇಂದಿಗೂ ಚಿಕಿತ್ಸೆಯ ಬುನಾದಿ ಇದೇ. ಒಂದು ಮಾತು ಗಟ್ಟಿಯಾಗಿ ಹೇಳಬೇಕು. 14.6 ಅನ್ನುವುದು ಗಡುವಲ್ಲ. ಸಾಲಾಗಿ ನಿಂತವರ ಮಧ್ಯದ ಆಸಾಮಿ ಎಲ್ಲಿದ್ದಾನೆ ಅನ್ನುವ ಲೆಕ್ಕ, ಅಷ್ಟೇ. ಅದರ ಆಚೆಗೂ ಅರ್ಧ ಸಾಲು ಇದೆ.

ಅದೇ ವರ್ಷ ಮೋನಿಕಾ ಹೇಗಿ ಅವರ ತಂಡ ಗಡ್ಡೆಯ ತುಣುಕಿನಲ್ಲಿ ಎಂಜಿಎಂಟಿ ಅನ್ನುವ ಜೀನಿನ ಸ್ಥಿತಿ ನೋಡಿತು. ಕೀಮೋ ಮಾಡಿದ ಹಾನಿಯನ್ನು ಕ್ಯಾನ್ಸರ್ ಕೋಶ ರಿಪೇರಿ ಮಾಡಿಕೊಳ್ಳುವುದು ಈ ಜೀನ್‌ನಿಂದ. ಮೀಥೈಲೇಷನ್ ಆಗಿ ಅದಕ್ಕೆ ಬೀಗ ಬಿದ್ದಿದ್ದರೆ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತದೆ. ಬೀಗ ಬಿದ್ದು ಮಾತ್ರೆಯನ್ನೂ ತಗೊಂಡವರ ಮಧ್ಯದ ಲೆಕ್ಕ 21.7 ತಿಂಗಳು. ಬೀಗ ಇಲ್ಲದೆ ಅದೇ ಮಾತ್ರೆ ತಗೊಂಡವರದ್ದು 12.7. ಒಂಬತ್ತು ತಿಂಗಳ ಅಂತರ!

ಇನ್ನೊಂದು ಐಡಿಎಚ್ ಅನ್ನುವ ಜೀನ್. 2021ರ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದ ಪ್ರಕಾರ ಐಡಿಎಚ್ ಬದಲಾಗಿದ್ದರೆ ಅದನ್ನು ಗ್ಲಿಯೋಬ್ಲಾಸ್ಟೊಮಾ ಅನ್ನುವುದೇ ಇಲ್ಲ. ಅದು ಗ್ರೇಡ್ ನಾಲ್ಕರ ಆಸ್ಟ್ರೋಸೈಟೋಮಾ. ಸಾಮಾನ್ಯವಾಗಿ ಅದರ ನಡೆ ಸ್ವಲ್ಪ ನಿಧಾನ. ಹೆಸರು ಬದಲಾದರೆ ಲೆಕ್ಕವೂ ಬದಲಾಗುತ್ತದೆ.

ಇವೆರಡೂ ರಕ್ತದ ಪರೀಕ್ಷೆಗಳಲ್ಲ. ಆಪರೇಷನ್‌ನಲ್ಲಿ ತೆಗೆದ ತುಣುಕನ್ನು ಮೇಣದಲ್ಲಿ ಹುದುಗಿಸಿ ಇಟ್ಟ ಬ್ಲಾಕ್‌ನಿಂದ ಮಾಡುವ ಪರೀಕ್ಷೆಗಳು. ರೋಗಿಯ ವಯಸ್ಸು, ಅವರು ಎಷ್ಟು ಓಡಾಡಿಕೊಂಡಿದ್ದಾರೆ, ಗಡ್ಡೆ ಎಷ್ಟು ಪಾಲು ತೆಗೆಯಲಿಕ್ಕಾಯಿತು, ಇವನ್ನೂ ಇದರ ಜೊತೆ ಸೇರಿಸಿಕೊಳ್ಳಿ. ಇದೇ ನಮ್ಮ ತೂಕದ ಕಲ್ಲು. ಯಾವ ರಕ್ತಪರೀಕ್ಷೆಯನ್ನೂ ಇದರ ಎದುರು ತಕ್ಕಡಿಯಲ್ಲಿಟ್ಟು ನೋಡಬೇಕು. ಇದಕ್ಕಿಂತ ಹೊಸದಾಗಿ ಏನು ಹೇಳುತ್ತದೆ? ಏನೂ ಇಲ್ಲದಿದ್ದರೆ ಸುಮ್ನೆ ಖರ್ಚು.

ಪರೀಕ್ಷೆ ಯಾವ ಪ್ರಶ್ನೆಗೆ ಉತ್ತರ?

ಎಲ್ಲರೂ ಎಡವುವುದು ಇಲ್ಲೇ. 'ಗಡ್ಡೆ ಇದೆಯಾ' ಅನ್ನುವುದು ಒಂದು ಪ್ರಶ್ನೆ. 'ಎಷ್ಟು ಕಾಲ' ಅನ್ನುವುದು ಇನ್ನೊಂದು. 'ಈ ಮಾತ್ರೆ ನಾಟುತ್ತಾ' ಮೂರನೆಯದು. 'ಮತ್ತೆ ಬಂತಾ' ನಾಲ್ಕನೆಯದು. ಒಂದಕ್ಕೆ ಒಳ್ಳೆಯ ಉತ್ತರ ಕೊಡುವ ಪರೀಕ್ಷೆ ಇನ್ನೊಂದಕ್ಕೆ ಬಾಯಿ ಬಿಡದೇ ಇರಬಹುದು.

ನಮ್ಮೂರಿನದೇ ಉದಾಹರಣೆ ಕೊಡುತ್ತೇನೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಂದರೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ಕುಮಾರವೇಲ್ ಸೋಮಸುಂದರಂ ಅವರ ತಂಡ ಬಹಳ ವರ್ಷಗಳಿಂದ ನಿಮ್ಹಾನ್ಸ್ ಜೊತೆ ಸೇರಿ ಗ್ಲಿಯೋಬ್ಲಾಸ್ಟೊಮಾ ಮೇಲೆ ಕೆಲಸ ಮಾಡಿದೆ. 2015ರಲ್ಲಿ ಅಲ್ಲಿಂದ ರಕ್ತದ ಹದಿನೆಂಟು ಸೈಟೋಕೈನ್‌ಗಳ ಒಂದು ಪಟ್ಟಿ ಹೊರಬಂತು. ಸೈಟೋಕೈನ್ ಅಂದರೆ ಕೋಶಗಳು ಒಂದಕ್ಕೊಂದು ಸುದ್ದಿ ಕಳಿಸುವ ಪ್ರೋಟೀನ್. ಒಳ್ಳೆಯ ಕೆಲಸ. ಆದರೆ ಅದು ಗ್ಲಿಯೋಮಾ (ಗ್ಲಿಯೋಬ್ಲಾಸ್ಟೊಮಾ ಸೇರಿದ ಗಡ್ಡೆಗಳ ಗುಂಪು) ಇರುವವರನ್ನೂ ಆರೋಗ್ಯವಂತರನ್ನೂ ಬೇರೆ ಮಾಡಿ ತೋರಿಸುವ ಪಟ್ಟಿ. ಎಷ್ಟು ಕಾಲ ಅನ್ನುವ ಪ್ರಶ್ನೆಗೆ ಮಾಡಿದ್ದಲ್ಲ. ಇಂಥ ಸುದ್ದಿ ವಾಟ್ಸಾಪ್‌ನಲ್ಲಿ ಎರಡು ಸಲ ಕೈ ಬದಲಾಯಿಸಿದರೆ 'ರಕ್ತದಲ್ಲೇ ಆಯಸ್ಸು ಗೊತ್ತಾಗುತ್ತಂತೆ' ಅಂತ ಆಗಿಬಿಡುತ್ತದೆ.

ಸಿಬಿಸಿ: ಫೈಲಿನಲ್ಲಿ ಆಗಲೇ ಇರುವುದು

ನನ್ನ ಪಕ್ಷಪಾತ ಹೇಳಿಬಿಡುತ್ತೇನೆ. ನನಗೆ ಇಷ್ಟವಾದದ್ದು ರಕ್ತಕಣ ಎಣಿಸುವ ಈ ಬಡ ಪರೀಕ್ಷೆ. ನೇರಳೆ ಮುಚ್ಚಳದ ಟ್ಯೂಬ್, ಕೆಲವೇ ನೂರು ರೂಪಾಯಿ, ಸಂಜೆಗೆ ರಿಪೋರ್ಟ್. ಆಪರೇಷನ್‌ಗೆ ಮುಂಚೆ ಒಂದು ಸಲವಾದರೂ ಆಗಿರುತ್ತದೆ. ಕರೆಂಟ್ ಮತ್ತು ಮಾತ್ರೆ ಒಟ್ಟಿಗೆ ನಡೆಯುವ ಆರು ವಾರ ಹೇಗೂ ವಾರ ವಾರ ಮಾಡಿಸುತ್ತಾರೆ.

ಅದರಲ್ಲಿ ನ್ಯೂಟ್ರೋಫಿಲ್ ಎಷ್ಟು, ಲಿಂಫೋಸೈಟ್ ಎಷ್ಟು ಅಂತ ಇರುತ್ತದೆ. ಎರಡೂ ಬಿಳಿ ರಕ್ತಕಣದ ಬಗೆಗಳು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ನ್ಯೂಟ್ರೋಫಿಲ್ 62, ಲಿಂಫೋಸೈಟ್ 31 ಇದ್ದರೆ ಉತ್ತರ 2. ಈ ಸಂಖ್ಯೆಗೆ ಎನ್‌ಎಲ್‌ಆರ್ ಅನ್ನುತ್ತಾರೆ. ಆಪರೇಷನ್‌ಗೆ ಮುಂಚೆ ಇದು ಜಾಸ್ತಿ ಇದ್ದವರು ಸರಾಸರಿಯಲ್ಲಿ ಕಡಿಮೆ ಕಾಲ ಬದುಕಿದ್ದಾರೆ ಅಂತ ಹಲವು ದೇಶಗಳ ಅಧ್ಯಯನಗಳು ಹೇಳುತ್ತವೆ. 4ರ ಗೆರೆಯನ್ನು ಬಹಳ ಜನ ಬಳಸಿದ್ದಾರೆ. ಮೈಯಲ್ಲಿ ಉರಿಯೂತ ಜಾಸ್ತಿಯಾಗಿ, ಗಡ್ಡೆಯ ವಿರುದ್ಧ ಕಾದಾಡುವ ಲಿಂಫೋಸೈಟ್ ಕಡಿಮೆಯಾದರೆ ಈ ಸಂಖ್ಯೆ ಏರುತ್ತದೆ.

ಈಗ ಇದರ ಮೋಸ ಕೇಳಿ. ಮೆದುಳಿನ ಊತ ಇಳಿಸಲು ಡೆಕ್ಸಾಮೆಥಾಸೋನ್ ಕೊಡುತ್ತಾರೆ. ಎಲ್ಲರ ಬಾಯಲ್ಲೂ ಅದು ಡೆಕ್ಸಾ. ಈ ಸ್ಟೀರಾಯ್ಡ್ ಒಳಗೆ ಹೋದರೆ ಒಂದೇ ದಿನದಲ್ಲಿ ನ್ಯೂಟ್ರೋಫಿಲ್ ಮೇಲೇಳುತ್ತದೆ, ಲಿಂಫೋಸೈಟ್ ಕೆಳಗಿಳಿಯುತ್ತದೆ. ಮೊನ್ನೆ 62 ಮತ್ತು 31 ಇದ್ದದ್ದು ಇವತ್ತು 84 ಮತ್ತು 10 ಆಗಬಹುದು. 2 ಇದ್ದದ್ದು 8.4! ಗಡ್ಡೆ ಇದ್ದ ಹಾಗೇ ಇದೆ, ಮಾತ್ರೆ ಮಾತ್ರ ಹೊಸದು. ಮೇಲಾಗಿ ದೊಡ್ಡ ಗಡ್ಡೆ, ಜಾಸ್ತಿ ಊತ ಇದ್ದವರಿಗೇ ಜಾಸ್ತಿ ಡೆಕ್ಸಾ ಬೀಳುತ್ತದೆ. ಹಾಗಾಗಿ ಎನ್‌ಎಲ್‌ಆರ್ ಹೇಳುತ್ತಿರುವುದು ಗಡ್ಡೆಯ ಕಥೆಯಾ, ಸ್ಟೀರಾಯ್ಡಿನ ಕಥೆಯಾ ಅಂತ ಬಿಡಿಸುವುದು ಕಷ್ಟ. ಜ್ವರ, ಮೂತ್ರದ ಸೋಂಕು ಇದ್ದರೂ ಇದೇ ಗತಿ. ಡೆಕ್ಸಾ ಶುರುವಾಗುವ ಮುಂಚಿನ ಸಿಬಿಸಿ ಇದ್ದರೆ ಅದಕ್ಕೆ ಬೆಲೆ ಜಾಸ್ತಿ. ಎಷ್ಟೋ ಸಲ ಅದು ಊರಿನ ಸಣ್ಣ ಲ್ಯಾಬಿನ ಹಳೇ ರಿಪೋರ್ಟ್ ಆಗಿರುತ್ತದೆ. ಮೊದಲ ತಲೆನೋವಿಗೆ ಊರಿನ ಡಾಕ್ಟರ್ ಬರೆದುಕೊಟ್ಟದ್ದು. ಎಸೆಯಬೇಡಿ.

ಚಿಕಿತ್ಸೆ ಶುರುವಾದ ಮೇಲಿನ ಲಿಂಫೋಸೈಟ್ ಕೂಡ ಮಾತಾಡುತ್ತದೆ. 2011ರಲ್ಲಿ ಅಮೆರಿಕದ ಸ್ಟುವರ್ಟ್ ಗ್ರಾಸ್‌ಮನ್ ತಂಡ 96 ರೋಗಿಗಳನ್ನು ಹಿಂಬಾಲಿಸಿತು. ಎರಡು ತಿಂಗಳಾಗುವಷ್ಟರಲ್ಲಿ ನೂರಕ್ಕೆ ನಲವತ್ತರಷ್ಟು ಜನರಿಗೆ ಸಿಡಿ4 ಅನ್ನುವ ಲಿಂಫೋಸೈಟ್ 200ಕ್ಕಿಂತ ಕೆಳಗೆ ಬಿದ್ದಿತ್ತು. ಅವರ ಮಧ್ಯದ ಲೆಕ್ಕ 13.1 ತಿಂಗಳು, ಉಳಿದವರದ್ದು 19.7. ಸೋಂಕಿನಿಂದ ಹೋದವರಲ್ಲ ಅವರು, ಗಡ್ಡೆ ಬೇಗ ಬೆಳೆದು ಹೋದವರು. ಹಾಗಂತ ಲಿಂಫೋಸೈಟ್ ಏರಿಸುವ ಪುಡಿ, ಜ್ಯೂಸ್ ಹುಡುಕಿಕೊಂಡು ಹೋಗಬೇಡಿ. ಕೌಂಟ್ ಬಿದ್ದಾಗ ಡಾಕ್ಟರ್ ನ್ಯುಮೋನಿಯಾ ತಡೆಯುವ ಮಾತ್ರೆ ಬರೆಯಬಹುದು, ಡೆಕ್ಸಾ ಇಳಿಸಲು ನೋಡಬಹುದು. ಕೈಗೆ ಬರುವ ಲಾಭ ಅದು.

ಆಲ್ಬುಮಿನ್, ಎಲ್‌ಡಿಎಚ್

ಆಲ್ಬುಮಿನ್ ಅನ್ನುವ ರಕ್ತದ ಪ್ರೋಟೀನ್ ಮತ್ತು ಲಿಂಫೋಸೈಟ್ ಸೇರಿಸಿ ಪೋಷಣೆಯ ಸೂಚ್ಯಂಕ ಒಂದು ಮಾಡುತ್ತಾರೆ. ಆಲ್ಬುಮಿನ್ 3.8 ಇದ್ದರೆ ಹತ್ತರಿಂದ ಗುಣಿಸಿ 38. ಲಿಂಫೋಸೈಟ್ 1400 ಇದ್ದರೆ 0.005ರಿಂದ ಗುಣಿಸಿ 7. ಒಟ್ಟು 45. ಕಡಿಮೆಯಾದಷ್ಟೂ ಒಳ್ಳೆಯದಲ್ಲ. ಇದೂ ಹೊಸ ಟ್ಯೂಬ್ ಕೇಳುವುದಿಲ್ಲ, ಲಿವರ್ ಪರೀಕ್ಷೆಯಲ್ಲೇ ಆಲ್ಬುಮಿನ್ ಇರುತ್ತದೆ. ಇದರಲ್ಲಿರುವ ಲಿಂಫೋಸೈಟ್‌ಗೂ ಡೆಕ್ಸಾದ ಕಾಟ ತಪ್ಪಿದ್ದಲ್ಲ.

ಎಲ್‌ಡಿಎಚ್ ಬಗ್ಗೆ ನನ್ನ ಅಭಿಪ್ರಾಯ ಅಷ್ಟಕ್ಕಷ್ಟೇ. ಅದು ಕೋಶಗಳೊಳಗಿನ ಒಂದು ಕಿಣ್ವ, ಕೆಂಪು ರಕ್ತಕಣದೊಳಗೆ ತುಂಬಿಕೊಂಡಿದೆ. ನರ ಸಿಗದೆ ಸೂಜಿ ಒದ್ದಾಡಿಸಿದರೂ, ಟ್ಯೂಬ್ ಕುಲುಕಿದರೂ ಕಣ ಒಡೆದು ಎಲ್‌ಡಿಎಚ್ ಏರಿಬಿಡುತ್ತದೆ. ಕೀಮೋ ಆದವರ ನರ ಸಿಗುವುದೇ ಕಷ್ಟ. ಏರಿದ ಎಲ್‌ಡಿಎಚ್ ನೋಡಿ ರಾತ್ರಿ ನಿದ್ದೆ ಬಿಟ್ಟ ಮನೆಯವರಿಗೆ, ತಪ್ಪು ನನ್ನ ಸೂಜಿಯದು ಅಂತ ನಾನೇ ಫೋನ್ ಮಾಡಿ ಹೇಳಿದ್ದೂ ಇದೆ.

ಗಡ್ಡೆ ಸೋರಿಸುವ ಪ್ರೋಟೀನ್‌ಗಳು

ಜಿಎಫ್‌ಎಪಿ ಮೆದುಳಿನ ಗ್ಲಿಯಾ ಕೋಶಗಳ, ಅಂದರೆ ನರಕೋಶಗಳಿಗೆ ಆಸರೆಯಾದ ಕೋಶಗಳ, ಪ್ರೋಟೀನ್. ಹೊರಗಿನ ರಕ್ತದಲ್ಲಿ ಸಾಮಾನ್ಯವಾಗಿ ಬಹಳ ಕಡಿಮೆ. ಗ್ಲಿಯೋಬ್ಲಾಸ್ಟೊಮಾದಲ್ಲಿ ಏರುತ್ತದೆ, ದೊಡ್ಡ ಗಡ್ಡೆಯಿದ್ದರೆ ಜಾಸ್ತಿ ಏರುತ್ತದೆ. ಮೇಲ್ನೋಟಕ್ಕೆ ಇದೇ ಸರಿಯಾದ ಪರೀಕ್ಷೆ ಅನ್ನಿಸುತ್ತದೆ ಅಲ್ವಾ? ಆದರೆ ತಲೆಗೆ ಪೆಟ್ಟು ಬಿದ್ದರೂ ಇದು ಏರುತ್ತದೆ. 2018ರಲ್ಲಿ ಅಮೆರಿಕದ ಎಫ್‌ಡಿಎ ಜಿಎಫ್‌ಎಪಿ ಇರುವ ರಕ್ತಪರೀಕ್ಷೆಗೆ ಒಪ್ಪಿಗೆ ಕೊಟ್ಟದ್ದೇ ತಲೆಪೆಟ್ಟಿನ ಸಲುವಾಗಿ. ಮೆದುಳಿನ ಆಪರೇಷನ್ ಅಂದರೆ ಮೆದುಳಿಗೆ ಬಿದ್ದ ಪೆಟ್ಟೇ ತಾನೆ. ಆಪರೇಷನ್ ಆದ ಹೊಸತರಲ್ಲಿ ಮಾಡಿಸಿದರೆ ಚಾಕುವಿನ ಸುದ್ದಿ ಬರುತ್ತದೆ, ಗಡ್ಡೆಯದ್ದಲ್ಲ.

ವೈಕೆಎಲ್-40 ಇನ್ನೊಂದು. ಇದು ರಕ್ತದಲ್ಲಿ ಏರುತ್ತಾ ಹೋದವರಿಗೆ ಕಾಲ ಕಡಿಮೆ ಅನ್ನುವ ಸಂಬಂಧ ಅಧ್ಯಯನಗಳಲ್ಲಿ ಕಂಡಿದೆ. ಆದರೆ ಸಂಧಿವಾತದಲ್ಲೂ ಏರುತ್ತದೆ, ಲಿವರ್ ಗಟ್ಟಿಯಾದಾಗಲೂ ಏರುತ್ತದೆ, ವಯಸ್ಸಾದಂತೆ ತಾನಾಗಿಯೂ ಏರುತ್ತದೆ. ಮಂಡಿನೋವಿನ ಅರವತ್ತೈದರ ಅಜ್ಜಿಯ ಸಂಖ್ಯೆಯನ್ನು ಹೇಗೆ ಓದುತ್ತೀರಿ? ಎರಡನ್ನೂ ಹೋಲಿಸಿದರೆ ಮೆದುಳಿನ ವಿಷಯದಲ್ಲಿ ಜಿಎಫ್‌ಎಪಿ ಹೆಚ್ಚು ನಂಬಿಕಸ್ಥ. ಆದರೆ ಎರಡಕ್ಕೂ ಮನೆಯ ದುಡ್ಡು ಹಾಕಿಸುವುದಕ್ಕೆ ನನಗೆ ಮನಸ್ಸಿಲ್ಲ.

ಲಿಕ್ವಿಡ್ ಬಯಾಪ್ಸಿ: ಆ ಬಣ್ಣದ ಹಾಳೆ

ಸಾಯುವ ಕೋಶಗಳು ತಮ್ಮ ಡಿಎನ್‌ಎಯ ಚೂರುಗಳನ್ನು ರಕ್ತಕ್ಕೆ ಬಿಡುತ್ತವೆ. ಕ್ಯಾನ್ಸರ್ ಕೋಶವೂ ಬಿಡುತ್ತದೆ. ಆ ಚೂರುಗಳಲ್ಲಿ ಕ್ಯಾನ್ಸರಿನ ಗುರುತು ಹುಡುಕುವುದೇ ಲಿಕ್ವಿಡ್ ಬಯಾಪ್ಸಿ. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಇದು ನಿಜವಾಗಿಯೂ ಕೆಲಸಕ್ಕೆ ಬರುತ್ತದೆ. ಮಾರುಕಟ್ಟೆಯ ಪರೀಕ್ಷೆಗಳು ಬೆಳೆದದ್ದೂ ಅಂಥ ಕ್ಯಾನ್ಸರ್‌ಗಳ ಬೆನ್ನು ಹತ್ತಿಯೇ.

ಮೆದುಳಿನದ್ದು ಬೇರೆ ಕಥೆ. ಅಲ್ಲಿನ ರಕ್ತನಾಳಗಳ ಗೋಡೆ ಬಹಳ ಬಿಗಿ. ಹೊರಗಿನ ವಿಷ ಒಳಗೆ ಬರದ ಹಾಗೆ ಕಾಯುವ ಆ ಗೋಡೆ ಒಳಗಿನ ಸುದ್ದಿಯನ್ನೂ ಸುಲಭವಾಗಿ ಹೊರಗೆ ಬಿಡುವುದಿಲ್ಲ. 2014ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ತಂಡ 640 ರೋಗಿಗಳ ರಕ್ತ ನೋಡಿತು. ಅದರ ಮೊದಲ ಲೇಖಕರ ಹೆಸರು ಚೇತನ್ ಬೆಟ್ಟೇಗೌಡ. ಹೆಸರು ಕಂಡು ಒಂದು ಕ್ಷಣ ನಮ್ಮ ಮಂಡ್ಯದವರೇ ಏನೋ ಅನ್ನಿಸಿತ್ತು ನನಗೆ. ಕರುಳು, ಮೇದೋಜೀರಕದಂಥ ಕ್ಯಾನ್ಸರ್ ಹರಡಿದ ಮೇಲೆ ನಾಲ್ಕರಲ್ಲಿ ಮೂವರಿಗಿಂತ ಜಾಸ್ತಿ ಜನರ ರಕ್ತದಲ್ಲಿ ಗುರುತು ಸಿಕ್ಕಿತು. ಗ್ಲಿಯೋಮಾದಲ್ಲಿ ಸಿಕ್ಕಿದ್ದು ಹತ್ತರಲ್ಲಿ ಒಬ್ಬರಿಗೂ ಕಡಿಮೆ. ಆಮೇಲೆ ತಂತ್ರಗಳು ಸುಧಾರಿಸಿವೆ. ಟರ್ಟ್ ಅನ್ನುವ ಜೀನಿನ ಬದಲಾವಣೆಯನ್ನು ರಕ್ತದಲ್ಲಿ ಹುಡುಕುವ ವಿಧಾನ ಮೊದಲಿಗಿಂತ ಎಷ್ಟೋ ಚುರುಕಾಗಿದೆ. ಆದರೂ ಗಡ್ಡೆ ಇದ್ದೂ ರಕ್ತದಲ್ಲಿ ಸಿಗದೇ ಹೋಗುವುದು ಇವತ್ತಿಗೂ ಮಾಮೂಲು. ಹಾಗಾಗಿ 'ಏನೂ ಸಿಗಲಿಲ್ಲ' ಅನ್ನುವ ರಿಪೋರ್ಟ್ ಬಂದರೆ ಸಿಹಿ ಹಂಚಬೇಡಿ. ಗಡ್ಡೆ ಇಲ್ಲ ಅಂತಲ್ಲ, ಗೋಡೆ ಗಟ್ಟಿಯಿದೆ ಅಂತಲೂ ಇರಬಹುದು.

ಕ್ಯಾನ್ಸರಿನ ಗುರುತು ಹುಡುಕದೆ, ಒಟ್ಟು ಚೂರು ಎಷ್ಟಿದೆ ಅಂತ ಅಳೆಯುವ ದಾರಿಯೂ ಇದೆ. 2020ರಲ್ಲಿ ಫಿಲಡೆಲ್ಫಿಯಾದ ತಂಡವೊಂದು 42 ಗ್ಲಿಯೋಬ್ಲಾಸ್ಟೊಮಾ ರೋಗಿಗಳಲ್ಲಿ ಇದನ್ನು ನೋಡಿತು. ಆಪರೇಷನ್‌ಗೆ ಮುಂಚೆ ಚೂರು ಜಾಸ್ತಿ ಇದ್ದವರಲ್ಲಿ ಕಾಯಿಲೆ ಬೇಗ ಮುಂದುವರಿದಿತ್ತು. ನಮ್ಮ ಪ್ರಶ್ನೆಗೆ ತೀರಾ ಹತ್ತಿರದ ಉತ್ತರ. ಆದರೆ 42 ಜನ ಅಂದರೆ ಒಂದು ಬಿಎಂಟಿಸಿ ಬಸ್ಸಿನ ಸೀಟು ಭರ್ತಿಯಾಗುವಷ್ಟು.

ಇಲ್ಲಿ ನನ್ನ ಕಸುಬಿನ ಮಾತು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಬೇರೆ ಯಾರೂ ನಿಮಗೆ ಇದನ್ನು ಹೇಳುವುದಿಲ್ಲ. ಮಾಮೂಲಿ ನೇರಳೆ ಟ್ಯೂಬಿನಲ್ಲಿ ರಕ್ತ ತೆಗೆದರೆ ಕೆಲವೇ ಗಂಟೆಗಳಲ್ಲಿ ಮೆಷಿನ್ನಿನಲ್ಲಿ ಗರಗರ ತಿರುಗಿಸಿ ಪ್ಲಾಸ್ಮಾ, ಅಂದರೆ ರಕ್ತದ ನೀರಿನ ಭಾಗ, ಬೇರೆ ಮಾಡಬೇಕು. ತಡವಾದರೆ ಟ್ಯೂಬಿನೊಳಗೇ ಬಿಳಿ ರಕ್ತಕಣ ಒಡೆದು ತಮ್ಮ ಡಿಎನ್‌ಎ ಸುರಿಯುತ್ತವೆ. ಆಗ ಒಟ್ಟು ಚೂರಿನ ಸಂಖ್ಯೆ ಸುಳ್ಳೇ ಏರುತ್ತದೆ. ಕ್ಯಾನ್ಸರಿನ ಚೂರು ಆ ಗುಂಪಿನಲ್ಲಿ ಕಳೆದುಹೋಗುತ್ತದೆ. ವೈಟ್‌ಫೀಲ್ಡ್‌ನಲ್ಲಿ ಹನ್ನೊಂದಕ್ಕೆ ತೆಗೆದ ರಕ್ತ, ಹುಡುಗನ ಬೈಕ್ ಡಬ್ಬದಲ್ಲಿ ಮಾರತ್‌ಹಳ್ಳಿ, ಸಿಲ್ಕ್ ಬೋರ್ಡ್ ಸುತ್ತಿ, ಇನ್ನೂ ನಾಲ್ಕು ಮನೆಯ ಸ್ಯಾಂಪಲ್ ಎತ್ತಿಕೊಂಡು, ಸಂಜೆ ಲ್ಯಾಬ್ ಮುಟ್ಟಿದರೆ ಏನಾಗಿರುತ್ತದೆ ನೀವೇ ಯೋಚಿಸಿ. ಇದಕ್ಕೆಂದೇ ಕಣ ಒಡೆಯದಂತೆ ಕಾಯುವ ಬೇರೆ ಟ್ಯೂಬ್ ಇದೆ. ಅದರಲ್ಲಿ ರಕ್ತ ಕೆಲವು ದಿನ ತಡೆಯುತ್ತದೆ. ಮನೆಗೆ ಬಂದವನು ಮಾಮೂಲಿ ನೇರಳೆ ಟ್ಯೂಬ್ ತೆಗೆದರೆ, ಎಷ್ಟು ಹೊತ್ತಿಗೆ ತಿರುಗಿಸುತ್ತೀರಿ ಅಂತ ಕೇಳಿ. ಉತ್ತರ ತಡವರಿಸಿದರೆ ತೋಳು ಮಡಚಿಕೊಳ್ಳಿ.

ಆಪರೇಷನ್ ಆದ ಹೊಸತರಲ್ಲಂತೂ ಗಾಯದ ಕೋಶಗಳೇ ಚೂರು ಸುರಿಯುತ್ತಿರುತ್ತವೆ. ತಿಪಟೂರಿನ ಅಕ್ಕನ ಯಜಮಾನರಿಗೆ ಹನ್ನೆರಡನೇ ದಿನ. ಸೇರಿಸಿಕೊಳ್ಳಿ.

ರಕ್ತದಲ್ಲಿ ತೇಲುವ ಇಡೀ ಕ್ಯಾನ್ಸರ್ ಕೋಶ ಹುಡುಕುವುದೂ ಇದೆ. ಜರ್ಮನಿಯ ಅಧ್ಯಯನವೊಂದರಲ್ಲಿ 141 ಜನರಲ್ಲಿ 29 ಮಂದಿಗೆ ಸಿಕ್ಕಿತ್ತು. ಎಕ್ಸೋಸೋಮ್ ಅನ್ನುವ ಸೂಕ್ಷ್ಮ ಚೀಲಗಳನ್ನು ಹುಡುಕುವುದೂ ಇದೆ. ಎರಡೂ ಸದ್ಯಕ್ಕೆ ಸಂಶೋಧನೆಯ ಮೇಜಿನ ಮೇಲಿವೆ. ದುಡ್ಡು ಕೇಳಿದರೆ ಕೊಡಬೇಡಿ. ಸಂಶೋಧನೆಗೆ ಅಂತ ಒಪ್ಪಿಗೆ ಪತ್ರ ಓದಿಸಿ ರಕ್ತ ಕೇಳಿದರೆ ಕೊಡಿ.

ಹಾಗಾದರೆ ನಿಮಗೆ ಯಾವುದು?

ಆಪರೇಷನ್ ಇನ್ನೂ ಆಗಿಲ್ಲ ಅಂದರೆ ಡೆಕ್ಸಾ ಮುಂಚಿನ ಸಿಬಿಸಿ ಹುಡುಕಿಟ್ಟುಕೊಳ್ಳಿ. ಬೇರೆ ಯಾವ ರಕ್ತಪರೀಕ್ಷೆಗೂ ಅವಸರ ಇಲ್ಲ.

ಆಪರೇಷನ್ ಆಗಿದೆ, ದುಡ್ಡು ಒಂದಕ್ಕೇ ಸಾಲುತ್ತದೆ ಅಂದರೆ ಕಣ್ಣು ಮುಚ್ಚಿಕೊಂಡು ಬ್ಲಾಕ್ ಮೇಲೆ ಹಾಕಿ. ಐಡಿಎಚ್, ಎಂಜಿಎಂಟಿ ಎರಡೂ ರಿಪೋರ್ಟ್‌ನಲ್ಲಿ ಇವೆಯಾ ನೋಡಿ. ಇಲ್ಲದಿದ್ದರೆ ಕೇಳಿ. ಬ್ಲಾಕ್ ಅನ್ನು ಬೇರೆ ಲ್ಯಾಬಿಗೆ ಕಳಿಸಿಯೂ ಮಾಡಿಸಬಹುದು. ವಯಸ್ಸು 55ಕ್ಕಿಂತ ಕಡಿಮೆಯಿದ್ದು, ಬಣ್ಣ ಹಾಕಿ ನೋಡುವ ಐಡಿಎಚ್ ಪರೀಕ್ಷೆ ನೆಗೆಟಿವ್ ಬಂದಿದ್ದರೆ, ಸೀಕ್ವೆನ್ಸಿಂಗ್, ಅಂದರೆ ಜೀನನ್ನೇ ಅಕ್ಷರ ಅಕ್ಷರವಾಗಿ ಓದುವ ಪರೀಕ್ಷೆ, ಬೇಕಾ ಅಂತ ಡಾಕ್ಟರನ್ನು ಕೇಳಿ. ಬಣ್ಣದ ಪರೀಕ್ಷೆ ಹಿಡಿಯುವುದು ಬಹಳ ಸಾಮಾನ್ಯವಾದ ಒಂದು ಬದಲಾವಣೆಯನ್ನು ಮಾತ್ರ, ಅಪರೂಪದವು ತಪ್ಪಿಸಿಕೊಳ್ಳುತ್ತವೆ.

ಗಡ್ಡೆ ಆಳದಲ್ಲಿದೆ, ತುಣುಕು ತೆಗೆಯಲು ಆಗುವುದೇ ಇಲ್ಲ ಅನ್ನುವವರ ಕಷ್ಟ ದೊಡ್ಡದು. ಲಿಕ್ವಿಡ್ ಬಯಾಪ್ಸಿಗೆ ಇಲ್ಲಿ ಸ್ವಲ್ಪ ಅರ್ಥ ಇದೆ. ಆದರೂ ರಕ್ತಕ್ಕಿಂತ ಬೆನ್ನಿನ ನೀರಿನಲ್ಲಿ ಗುರುತು ಸಿಗುವ ಸಂಭವ ಜಾಸ್ತಿ. ತಲೆಯೊಳಗೆ ಒತ್ತಡ ಇದ್ದಾಗ ಬೆನ್ನಿನಿಂದ ನೀರು ತೆಗೆಯುವುದು ಅಪಾಯ, ಅದನ್ನು ತೀರ್ಮಾನ ಮಾಡಬೇಕಾದವರು ನರರೋಗದ ಡಾಕ್ಟರ್.

ಕರೆಂಟ್ ಮುಗಿದು ಮೂರು ತಿಂಗಳೊಳಗೆ ಎಂಆರ್‌ಐನಲ್ಲಿ ಗಡ್ಡೆ ದೊಡ್ಡದಾದಂತೆ ಕಂಡರೆ ಅದು ನಿಜವಾದ ಬೆಳವಣಿಗೆಯೇ ಇರಬೇಕಿಲ್ಲ. ಕರೆಂಟಿನ ಊತವೂ ಹಾಗೇ ಕಾಣುತ್ತದೆ. ಈ ಗೊಂದಲವನ್ನು ರಕ್ತದಲ್ಲೇ ಬಿಡಿಸಬೇಕು ಅನ್ನುವುದು ಸಂಶೋಧಕರ ದೊಡ್ಡ ಆಸೆ. ಸದ್ಯಕ್ಕೆ ಇನ್ನೊಂದು ಎಂಆರ್‌ಐ, ರಕ್ತದ ಹರಿವು ತೋರಿಸುವ ಬಗೆಯದ್ದು, ಅದಕ್ಕೆ ದುಡ್ಡು ಉಳಿಸಿಟ್ಟುಕೊಳ್ಳಿ.

ತಿಪಟೂರಿನ ಅಕ್ಕನಿಗೆ ಇಷ್ಟೆಲ್ಲ ಹೇಳಲಿಲ್ಲ. ಅವರ ಫೈಲ್ ತೆಗೆಸಿದೆ. ಐಡಿಎಚ್ ಇತ್ತು, ಎಂಜಿಎಂಟಿ ಇರಲಿಲ್ಲ. ಬ್ಲಾಕ್ ಕೇಳಲು ಒಂದು ಅರ್ಜಿ ಬರೆದುಕೊಟ್ಟೆ. "ಎಷ್ಟು ದಿನ ಅಂತ ಇದರಲ್ಲೂ ಬರಲ್ಲ ಅಕ್ಕ, ಮಾತ್ರೆ ಎಷ್ಟು ನಾಟಬಹುದು ಅಂತ ಬರುತ್ತೆ" ಅಂದೆ. ಅವರು ಬಣ್ಣದ ಹಾಳೆಯನ್ನು ಹಿಂದಕ್ಕೆ ತಿರುಗಿಸಿ, ಖಾಲಿ ಕಡೆಯಲ್ಲಿ ನನ್ನಿಂದಲೇ ಬರೆಸಿಕೊಂಡರು: ಡೆಕ್ಸಾ ಶುರುವಾದ ತಾರೀಖು, ಆಪರೇಷನ್ ತಾರೀಖು, ಬ್ಲಾಕ್ ನಂಬರ್. ಅದನ್ನೇ ಫೈಲಿನ ಮೊದಲ ಹಾಳೆಯಾಗಿ ಸೇರಿಸಿ ಪಿನ್ ಹೊಡೆಸಿಕೊಂಡು ಹೋದರು.